ಮುಡಿ ಕಟ್ಟು

ಮೊನ್ನೆ ಮಣಿಪಾಲದ ಒಂದು ಮದುವೆ ಹಾಲಿನ ಬಾಗಿಲಲ್ಲಿ ಅಲಂಕಾರಕ್ಕೆಂದು ಅಕ್ಕಿ ಮುಡಿ ಇಟ್ಟಿದ್ದರು. ಬೈಹುಲ್ಲಿನ ಹಸಿ ವಾಸನೆ. ನೀವು ಕರಾವಳಿಯವರಲ್ಲದಿದ್ದರೆ ಹೇಳಬೇಕು: ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗದಿಂದ ಬಿಗಿದ ಉರುಟು ಮೂಟೆಗೆ ನಾವು ಮುಡಿ ಎನ್ನುತ್ತೇವೆ. ಊಟಕ್ಕೆ ಕರೆದರೂ ನಾನು ಅಲ್ಲೇ ನಿಂತೆ. ಊಟ ತಪ್ಪಿಸಿಕೊಳ್ಳುವ ಹೆಂಗಸು ನಾನಲ್ಲ, ನೋಡಿದವರಿಗೇ ಗೊತ್ತಾಗುತ್ತದೆ.

ತೊಂಬತ್ತರ ದಶಕದ ಕೊನೆ. ನನ್ನ ತಂಗಿ ಸುಮತಿ ಶಾಲೆಗೆ ಹೋಗುವ ವಯಸ್ಸಾದರೂ ಮಾತಾಡುತ್ತಿರಲಿಲ್ಲ. ಮಿಕ್ಸಿ ತಿರುಗಿದರೆ ತಲೆಯನ್ನು ಗೋಡೆಗೆ ಬಡಿಯುತ್ತಿದ್ದಳು. ಡಾಕ್ಟರು "ಆಟಿಸಂ" ಎಂದಾಗ ಅಮ್ಮ, "ಆಟಿ ತಿಂಗಳಲ್ಲಿ ಅಲ್ಲ ಡಾಕ್ಟ್ರೇ, ಇವಳು ಹುಟ್ಟಿದ್ದು ಸುಗ್ಗಿಯಲ್ಲಿ" ಎಂದಳು. ಆಷಾಢದ ಮಳೆ ತಿಂಗಳಿಗೆ ನಮ್ಮಲ್ಲಿ ಆಟಿ ಎನ್ನುತ್ತಾರೆ. ನಾನು ನಕ್ಕೆ. ಅರ್ಥ ತಿಳಿದ ಮೇಲೆ ಅಮ್ಮ ಬಸ್ಸಿನಲ್ಲಿ ದಾರಿಯಿಡೀ ಅತ್ತಳು.

ಥೆರಪಿ ಟೀಚರು ಒಂದು ಉಪಾಯ ಕಲಿಸಿದರು. ರಂಪ ಶುರುವಾದರೆ ಚಾಪೆಯಲ್ಲಿ ಕತ್ತಿನವರೆಗೆ ಸುತ್ತಿ, ಭುಜದಿಂದ ಕಾಲಿನ ತನಕ ಒತ್ತುವುದು. "ಅವಳ ಕೈಕಾಲು ಎಲ್ಲಿ ಉಂಟು ಅಂತ ಅವಳಿಗೇ ಗೊತ್ತಾಗುವುದಿಲ್ಲ. ಒತ್ತಿದರೆ ಗೊತ್ತಾಗ್ತದೆ" ಎಂದರು. ಕೆಮ್ಮಣ್ಣು ಊರಿನ ನಮ್ಮ ಮನೆಯಲ್ಲಿ ಅಮ್ಮ ಅದಕ್ಕೊಂದು ಹೆಸರಿಟ್ಟಳು: "ಬಾ ಮಗಾ, ಮುಡಿ ಕಟ್ಟುವ." ಸುತ್ತಿದ್ದೇ ಸುಮತಿಯ ಉಸಿರು ಇಳಿಯುತ್ತಿತ್ತು. ಒಂದು ದಿನ ಅವಳೇ ಚಾಪೆ ಎಳೆದು ತಂದು "ಮುಡಿ ಕಟ್ಟು" ಅಂದಳು. ಮೊದಲ ಮಾತು, ಮಾರಾಯ್ರೇ! ಅದೊಂದೇ ಮಾತು.

ಅವಳು ದೊಡ್ಡವಳಾದ ಮೇಲೆ ಅಮ್ಮ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ನಾನು ಕಾಪುವಿನಲ್ಲಿ ಹಸಿ ಬಾಣಂತಿ. ಬೇರೆ ದಾರಿಯಿಲ್ಲದೆ ಸುಮತಿಯನ್ನು ಕಾರ್ಕಳದ ಕಡೆಯ ಆಶ್ರಮವೊಂದರಲ್ಲಿ ಬಿಟ್ಟೆವು. ಅಲ್ಲಿನ ಆಯಾ ಬಾಗಲಕೋಟೆ ಕಡೆಯವರು, ಒಳ್ಳೆಯ ಹೆಂಗಸು. ಅಮ್ಮ ಮಲಗಿದಲ್ಲಿಂದಲೇ ಅವರಿಗೆ ಫೋನು ಮಾಡಿದಳು: "ಮುಡಿ ಕಟ್ಟು ಅಂದರೆ ಕೂಡಲೇ ಕಟ್ಟಿ ಬಿಡಿ. ಮತ್ತೆ ಎಂತ ಉಪದ್ರವೂ ಇಲ್ಲ ಅವಳದ್ದು."

ಬಾಣಂತನ ಮುಗಿಸಿ ಹೋದರೆ ತಂಗಿಯ ತಲೆ ಬೋಳು.

"ಏನ್ ಮಾಡೂದ್ರೀ ಅಕ್ಕಾರ," ಆಯಾ ಕಣ್ಣೊರೆಸಿಕೊಂಡರು. "ಮುಡಿ ಕಟ್ಟು ಅಂತಿದ್ಲು. ಎಣ್ಣಿ ಹಚ್ಚಿ ಚಂದಗೆ ತುರುಬು ಕಟ್ತಿದ್ದೆ. ಬಿಚ್ಚಿ ಚೀರತಿದ್ಲು, ಮತ್ತ ಕಟ್ಟು ಅಂತಿದ್ಲು. ಕೂದ್ಲಾ ಕಿತ್ಕೊಂಡು ರಕ್ತ ಬಂತ್ರಿ. ಅದಕ್ಕ ತೆಗಿಸಿಬಿಟ್ವಿ."

ಅಯ್ಯೋ ದೇವರೇ! ಅವರ ಕನ್ನಡದಲ್ಲಿ, ಪುಸ್ತಕದ ಕನ್ನಡದಲ್ಲಿಯೂ, ಮುಡಿಯೆಂದರೆ ತಲೆಗೂದಲು. ಯಾರನ್ನು ಬೈಯಲಿ ಹೇಳಿ? ಅವಳು ತನಗಿದ್ದ ಒಂದೇ ಮಾತನ್ನು ಹೇಳಿದ್ದಳು. ಅವರು ಕೇಳಿದ್ದರು, ಕಟ್ಟಿಯೂ ಇದ್ದರು.

ಮನೆಗೆ ಕರೆತಂದು ಚಾಪೆ ಹಾಸಿ, "ಬಾ ಮಗಾ, ಮುಡಿ ಕಟ್ಟುವ" ಎಂದೆ. ಶಬ್ದ ಕೇಳಿದ್ದೇ ಸುಮತಿ ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು. ಆಮೇಲೆ ಅವಳು ಮತ್ತೆಂದೂ ಮಾತಾಡಲಿಲ್ಲ. ಚಾಪೆಯ ಹತ್ತಿರವೂ ಬರಲಿಲ್ಲ.

ಮೊನ್ನೆ ಮದುವೆ ಹಾಲಿನ ಬಾಗಿಲಲ್ಲಿದ್ದ ಆ ಮುಡಿಯನ್ನು ಎರಡೂ ಕೈಯಲ್ಲಿ ಒತ್ತಿ ನೋಡಿದೆ. ಮೆತ್ತಗೆ ಒಳಗೆ ಹೋಯಿತು. ಅಕ್ಕಿ ಇರಲಿಲ್ಲ, ಬರೀ ಹುಲ್ಲು. ಊಟ ಮಾಡದೆ ಮನೆಗೆ ಬಂದೆ. ಅಮ್ಮ ಹೋದ ಮೇಲೆ ಸುಮತಿ ನನ್ನ ಜೊತೆಗೇ ಇದ್ದಾಳೆ. ಕಿಟಕಿಯ ಹತ್ತಿರ ಕೂತಿದ್ದಳು. ಕೂದಲು ಮತ್ತೆ ಸೊಂಟದ ತನಕ ಬೆಳೆದಿದೆ. ಅದನ್ನು ಕಟ್ಟುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.