ಮಗ್ಗುಲು ಬದಲಿಸಿದ ಕುಂಬಳಕಾಯಿಗಳು

ನನ್ನ ಸೋದರಮಾವ ಮರದ ಸಾಮಾನುಗಳಿಗೆ ಪಾಲಿಶ್ ಹಾಕುತ್ತಿದ್ದ. ಬೀದಿಗೆಲ್ಲ ಅವನು ಪಾಲಿಶ್ ಮಾವ. ಬಣ್ಣಗೆಟ್ಟ ಮಂಚವೋ ಬೀರುವೋ ಅವನ ಕೈಗೆ ಸಿಕ್ಕರೆ ಮದುಮಗನ ಹಾಗೆ ಹೊರಬರುತ್ತಿತ್ತು. ಮಾತಿನಲ್ಲಿ ಮಾತ್ರ ನಯ ಅನ್ನುವುದು ಅವನ ಹತ್ತಿರ ಸುಳಿದದ್ದಿಲ್ಲ. ಗಿರಾಕಿ ಯಾರಾದರೂ ಬೇಗ ಮುಗಿಸಿ ಎಂದರೆ, "ಬೇಗ ಬೇಕಾದ್ರೆ ಸುಣ್ಣ ಹೊಡ್ಕೊಳ್ಳಿ" ಎಂದು ಮುಖಕ್ಕೆ ಹೊಡೆದಂತೆ ಹೇಳಿ ಕಳಿಸುತ್ತಿದ್ದ. ಅಂಥವನು ಹೆದರುತ್ತಿದ್ದದ್ದು ನನ್ನ ಅತ್ತೆ ಒಬ್ಬಳಿಗೇ.

ಹಿತ್ತಲಿನ ಕುಂಬಳದ ಬಳ್ಳಿ ಅತ್ತೆಯದು. ಉಗುರು ಊರಿದರೂ ಸಿಪ್ಪೆ ಜಗ್ಗದಷ್ಟು ಕಾಯಿ ಬಲಿತ ಮೇಲೆ ಗೇಣುದ್ದ ತೊಟ್ಟು ಬಿಟ್ಟು ಕೊಯ್ದು, ತಾರಸಿಯ ಬಿಸಿಲಿಗಿಟ್ಟು, ಒಣಬಟ್ಟೆಯಲ್ಲಿ ಒರೆಸಿ ಹಿಂದಿನ ಕೋಣೆಗೆ ಸಾಗಿಸುತ್ತಿದ್ದಳು. ಅಲ್ಲಿ ಹಲಗೆಯ ಮೇಲೆ ಗೋಣಿಚೀಲ ಹಾಸಿ, ಒಂದಕ್ಕೊಂದು ತಾಗದ ಹಾಗೆ ಮಲಗಿಸುವುದು. ನೀರು ಸೋಕಿಸುವಂತಿಲ್ಲ. ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಕಾಯಿ ಅಲ್ಲೇ ಮೆತ್ತಗಾಗುತ್ತದೆಂದು ವಾರಕ್ಕೊಮ್ಮೆ ತಿರುಗಿಸಬೇಕು, ಗೆಣ್ಣಿನಿಂದ ತಟ್ಟಿ ಸದ್ದು ಕೇಳಬೇಕು. ಆ ದಿನ ಮಧ್ಯಾಹ್ನದ ಊಟವಾಗಿ ಸಣ್ಣ ನಿದ್ದೆ ತೆಗೆದು ಎದ್ದೊಡನೆ ಇಬ್ಬರಿಗೂ ಇದೇ ಕೆಲಸ. ಎತ್ತುವುದು ಮಾವ, ಹುಕುಂ ಅತ್ತೆಯದು.

"ತೊಟ್ಟು ಹಿಡ್ಕೊಂಡು ಎತ್ತಬೇಡ್ರೀ! ನಿಮ್ಮ ಜುಟ್ಟು ಹಿಡ್ಕೊಂಡು ಎತ್ತಿದ್ರೆ ಹೇಗಿರುತ್ತೆ?"

"ಜುಟ್ಟು ಎಲ್ಲಿದೆ ಮಾರಾಯ್ತಿ? ಎಲ್ಲಾ ನೀನೇ ಉದುರಿಸಿದ್ಯಲ್ಲ" ಎಂದು ಮಾವ ಬೋಳುತಲೆ ಸವರಿಕೊಳ್ಳುತ್ತಿದ್ದ.

ಆ ವರ್ಷದ ಕಾಯಿಗಳನ್ನೆಲ್ಲ ಜೋಡಿಸಿ ಮುಗಿಸಿ, ತೋಳಿನಿಂದ ಮುಖ ಒರೆಸಿಕೊಂಡು, "ಯಾಕೋ ಎದೆ ಹಿಡ್ಕೊಂಡ ಹಾಗಿದೆ" ಎಂದು ಗೋಡೆಗೆ ಒರಗಿ ಕೂತ ಅತ್ತೆ ಮತ್ತೆ ಏಳಲಿಲ್ಲ.

ಅವಳು ಹೋದ ಸ್ವಲ್ಪ ದಿನಕ್ಕೆ ನಾನು ಊಟದ ಡಬ್ಬಿ ತೆಗೆದುಕೊಂಡು ಹೋದಾಗ ಮಾವ ಹಿಂದಿನ ಕೋಣೆಯ ಹೊಸ್ತಿಲಲ್ಲಿ ಕಂಬದ ಹಾಗೆ ನಿಂತಿದ್ದ. ಕುಂಬಳ ಮಣ್ಣಿಗೆ ತಾಗಿ ಬೆಳೆದ ಕಡೆ ಒಂದು ಬಿಳಿಚಿದ ಮಚ್ಚೆ ಇರುತ್ತದೆ. ಅತ್ತೆ ಅಡಿಮುಖವಾಗಿ ಇಟ್ಟಿದ್ದ ಆ ಮಚ್ಚೆಗಳೆಲ್ಲ ಈಗ ಗೋಡೆಯ ಕಡೆ ತಿರುಗಿದ್ದವು.

"ನಾನು ಮುಟ್ಟಿಲ್ಲ ಕಣೇ" ಎಂದು ಪಿಸುಗುಟ್ಟಿದ. "ನಿನ್ನತ್ತೆ ಬಂದಿದ್ಲು."

"ನೀನೇ ತಿರುಗಿಸಿ ಮರೆತಿರ್ತೀಯ ಮಾವ."

"ಮರೆಯೋಕೆ ನನಗೇನು ಅರಳುಮರುಳಾ?"

ಮುಂದಿನ ವಾರ ಮಚ್ಚೆಗಳೆಲ್ಲ ಮೇಲೆ ಬಂದವು. ಅದರ ಮುಂದಿನ ವಾರ ಬಾಗಿಲ ಕಡೆ ತಿರುಗಿ ಬರುವವರನ್ನೇ ನೋಡುತ್ತಿದ್ದವು. ನಾನು ಇಂಥದ್ದಕ್ಕೆಲ್ಲ ಸೊಪ್ಪು ಹಾಕುವವಳಲ್ಲ. ಆದರೂ ಒಂದು ಮಧ್ಯಾಹ್ನ ಮಾವ ಮುಂದಿನ ಕೋಣೆಯ ಬೆಂಚಿನ ಮೇಲೆ ಮಲಗಿದ್ದಾನೆಂದುಕೊಂಡು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ, ಹಿಂದಿನ ಕೋಣೆಯಿಂದ ಗೆಣ್ಣಿನಲ್ಲಿ ಕಾಯಿ ತಟ್ಟುವ ಸದ್ದು ಕೇಳಿಸಿತು. ಒಂದು ಕಾಯಿ, ಸ್ವಲ್ಪ ತಡೆದು ಇನ್ನೊಂದು. ಅದು ಅತ್ತೆಯ ತಾಳವೇ. ಹೋಗಿ ನೋಡುವ ಧೈರ್ಯ ಬರಲಿಲ್ಲ, ನಲ್ಲಿಯನ್ನು ಜೋರಾಗಿ ತಿರುಗಿಸಿಬಿಟ್ಟೆ.

ಅದಾದ ಕೆಲವು ದಿನಕ್ಕೆ, ಮನೆಯಲ್ಲಿ ಒಬ್ಬನೇ ಇದ್ದಾಗ, ಮಾವ ಬಚ್ಚಲಲ್ಲಿ ಜಾರಿ ಬಿದ್ದ. ಪಕ್ಕದ ಮನೆಯವರಿಗೆ ನರಳಾಟ ಕೇಳಿಸುವವರೆಗೂ ಹಾಗೇ ಬಿದ್ದಿದ್ದ. ಅಮ್ಮ ಅವನ ಕಾಲ ಬಳಿ ಕೂತು ಅತ್ತಳು.

"ಅಣ್ಣ, ನಮ್ಮನೆಗೆ ಬಂದುಬಿಡು. ಇನ್ನೊಂದು ಸಲ ಬಿದ್ರೆ ಯಾರು ಗತಿ?"

"ಅವಳೊಬ್ಬಳನ್ನೇ ಇಲ್ಲಿ ಬಿಟ್ಟು ಹೇಗೆ ಬರ್ಲಿ? ಬಂದಾಗ ಮನೇಲಿ ಯಾರೂ ಇಲ್ಲದಿದ್ರೆ?"

ಅಮ್ಮ ನನ್ನ ಮುಖ ನೋಡಿದಳು. ಆ ಸದ್ದನ್ನು ನಾನೂ ಕೇಳಿದ್ದೆನಲ್ಲ.

ದಿನ ಕಳೆದಂತೆ ಕಾಯಿಗಳು ಒಂದೊಂದಾಗಿ ಮೆತ್ತಗಾದವು. ಚೆನ್ನಾಗಿದ್ದವನ್ನು ನಾನು ಬಲವಂತ ಮಾಡಿ ಹೆಚ್ಚಿ ಬೇಯಿಸಿದೆ, ಮಾವ ಒಲ್ಲದ ಮನಸ್ಸಿನಿಂದ ತಿಂದ. ಕೊನೆಗೆ ಹಲಗೆಯ ಮೇಲೆ ಒಂದೇ ಒಂದು ಉಳಿಯಿತು. ಅವತ್ತು ನಾನು ಹೋಗುವಷ್ಟರಲ್ಲಿ ಮಾವ ಅದಕ್ಕೆ ವಾರ್ನಿಷ್ ಬಳಿದು ಮುಗಿಸಿ, ಸೀಮೆಎಣ್ಣೆಯಲ್ಲಿ ಕೈ ತೊಳೆದುಕೊಳ್ಳುತ್ತಿದ್ದ. ತೇವದ ಬಟ್ಟೆಯನ್ನೂ ಸೋಕಿಸದೆ ಅತ್ತೆ ಜೋಪಾನ ಮಾಡಿದ್ದ ಕಾಯಿ ಷೋರೂಮಿನ ಸಾಮಾನಿನಂತೆ ಮಿಂಚುತ್ತಿತ್ತು.

"ಇದೇನು ಮಾವ, ತಲೆಗಿಲೆ ಕೆಟ್ಟಿದ್ಯಾ?" ಎಂದು ರೇಗಿದೆ. "ಉಸಿರು ಕಟ್ಟಿ ಒಳಗೇ ಕೊಳೆಯುತ್ತೆ."

"ಇದೂ ಹೋದ್ರೆ ಅವಳಿಗೆ ಇಲ್ಲಿಗೆ ಬರೋಕೆ ಕೆಲಸ ಏನಿದೆ?" ಎಂದ.

ನಾನು ತಟ್ಟೆ ಹಾಕಿ ಬಡಿಸಿದೆ. ಉಂಡು, ಬೆಂಚಿನ ಮೇಲೆ ಮಲಗಿದ. ನಾನು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಅವನ ಕೂಗು ಕೇಳಿ ಓಡಿದೆ.

"ಬಾರೇ, ಬಾ! ನೋಡು!"

ಕಾಯಿ ಮಗ್ಗುಲು ಬದಲಿಸಿತ್ತು. ಆರದ ವಾರ್ನಿಷ್ ಮೇಲೆ ಈ ಕಡೆ ನಾಲ್ಕು ಬೆರಳು, ಆ ಕಡೆ ಹೆಬ್ಬೆರಳು ಅಚ್ಚೊತ್ತಿದಂತೆ ಮೂಡಿದ್ದವು. ಮಾವನ ಕಣ್ಣಲ್ಲಿ ನೀರು, ಮುಖದ ತುಂಬ ನಗು. ಅತ್ತೆ ಹೋದ ಮೇಲೆ ಅವನು ನಕ್ಕದ್ದನ್ನು ನಾನು ಕಂಡಿರಲಿಲ್ಲ.

"ಗುರುತು ಬಿಟ್ಟು ಹೋಗಿದ್ದಾಳೆ ಕಣೇ! ಇನ್ನು ಯಾರಾದ್ರೂ ನನ್ನ ಹುಚ್ಚ ಅನ್ಲಿ ನೋಡೋಣ!"

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದರು. ಆದರೆ ಜೀವಮಾನವಿಡೀ ಹಸಿ ವಾರ್ನಿಷ್ ಮುಟ್ಟಿದವರನ್ನು ಹಿಡಿದು ಬೈದವನು ಅವನು. ಅಭ್ಯಾಸಬಲದಿಂದ ಬಗ್ಗಿದ, ಕಣ್ಣು ಕಿರಿದು ಮಾಡಿ ನೋಡಿದ. ನಗು ನಿಧಾನವಾಗಿ ಇಳಿಯಿತು. ತನ್ನ ಬೆರಳುಗಳನ್ನು ಒಂದೊಂದಾಗಿ ಆ ಗುರುತಿನ ಮೇಲಿಟ್ಟ. ಸರಿಯಾಗಿ ಕೂತವು. ಕೈ ತೆಗೆದು ಅಂಗೈ ಮೇಲೆತ್ತಿದ. ಊಟಕ್ಕೆ ಮೊದಲು ಉಜ್ಜಿ ತೊಳೆದಿದ್ದ ಕೈ ಮಣಿಕಟ್ಟಿನವರೆಗೂ ಅಂಟಂಟಾಗಿ ಹೊಳೆಯುತ್ತಿತ್ತು. ಬಾಗಿಲ ಚೌಕಟ್ಟಿನ ಮೇಲೆ, ಬೆಂಚಿನ ಅಂಚಿನ ಮೇಲೆ ಅದೇ ಅಂಟು. ಅರೆನಿದ್ದೆಯಲ್ಲಿ ಎದ್ದು ಹೋಗಿ, ಪ್ರತಿ ವಾರ ಅತ್ತೆಯ ಮಾತಿಗೆ ಮಾಡುತ್ತಿದ್ದ ತಿರುಗಿಸಿ ತಟ್ಟುವ ಕೆಲಸವನ್ನು ಅವಳಿಲ್ಲದೆಯೂ ಮಾಡಿ ಬಂದು, ಮತ್ತೆ ಮಲಗುತ್ತಿದ್ದವನು ಅವನೇ.

ಗೋಡೆಗೆ ಒರಗಿ ಕುಸಿದ.

"ಒಂದು ಸಲಾನೂ ಬಂದಿಲ್ಲ" ಎಂದ. "ಒಂದೇ ಒಂದು ಸಲಾನೂ ಅವಳು ಬಂದಿಲ್ಲ ಕಣೇ."

ದೆವ್ವವಿದೆ ಎಂದು ನಂಬಿದಾಗಲೂ ಆ ಕೋಣೆ ನನ್ನನ್ನು ಅಷ್ಟು ಹೆದರಿಸಿರಲಿಲ್ಲ. ನನಗೆ ಅಳು ಬಂತು. ಅವನು ಅಳಲಿಲ್ಲ. ಎದ್ದು ಸೀಮೆಎಣ್ಣೆಯಲ್ಲಿ ಮತ್ತೆ ಕೈ ತೊಳೆದು, ಎರಡು ಜೊತೆ ಬಟ್ಟೆಯನ್ನು ಚೀಲಕ್ಕೆ ತುಂಬಿ, ಚಪ್ಪಲಿ ಮೆಟ್ಟಿದ.

"ನಡಿ, ನಿಮ್ಮಮ್ಮ ಕರೀತಾನೇ ಇದ್ಲಲ್ಲ."

ಅಷ್ಟು ದಿನದಿಂದ ನಾವು ಗೋಗರೆದದ್ದು ಇದನ್ನೇ. ಈಗ ಬೀಗ ಹಿಡಿದು ನಿಂತರೆ ನನಗೆ ಕೈ ಬರುತ್ತಿಲ್ಲ.

"ಹಾಕ್ಲಾ ಮಾವ?"

ಅವನಾಗಲೇ ಮೆಟ್ಟಿಲು ಇಳಿದಿದ್ದ. ತಿರುಗಿಯೂ ನೋಡಲಿಲ್ಲ.

"ಹಾಕು. ಒಳಗೆ ಯಾರಿದ್ದಾರೆ?"