ಮಣ್ಣಮ್ಮ ವಾಪಸು ತೆಗೆದುಕೊಂಡ ಮಾತು

ನನ್ನ ನಾದಿನಿಯನ್ನು ಮನೆಯವರೆಲ್ಲ ಕರೆಯುವುದು ಮಣ್ಣಮ್ಮ ಎಂದೇ. ಮಣ್ಣು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಕಡ್ಡಿ ಮುರಿದ ಹಾಗೆ ಮಾತಾಡುತ್ತಾಳೆ. ನನಗೋ ಮೂಗಿನ ತುದಿಯಲ್ಲೇ ಕೋಪ. ನಮ್ಮಿಬ್ಬರಿಗೆ ಆಗಿಬಂದದ್ದು ಕಡಿಮೆಯೇ.

ನಮ್ಮ ಮನೆಯ ಹಿಂದಿನ ಬಯಲಲ್ಲಿ ಯಾರೋ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದರು. ಅವರು ಹೋದರು, ಸೀಸ ಮಣ್ಣಲ್ಲೇ ಉಳಿಯಿತು. ಬೀದಿಯ ಮಕ್ಕಳಿಗೆಲ್ಲ ಅದೇ ಆಟದ ಜಾಗ. ನನ್ನ ಮೊಮ್ಮಗಳು ತೆವಳಲು ಶುರುಮಾಡಿದ್ದೇ ತಡ, ಕೈಗೆ ಸಿಕ್ಕ ಮಣ್ಣೆಲ್ಲ ಬಾಯಿಗೆ. ಬಯಲಿನ ಗೇಟಿಗೆ ಬೀಗ ಹಾಕಿಸಿದೆವು. ಆಮೇಲೆ ಮಣ್ಣು ಶುದ್ಧಿ ಮಾಡುವವರು ಬಂದು ನೆಲ ಅಗೆದು, ಸೀಸ ಕರಗದಿರಲೆಂದು ಸುಣ್ಣ ಬೆರೆಸಿ ಹೋದರು.

“ಸೀಸ ಎಲ್ಲೂ ಹೋಗಿಲ್ಲ ಅತ್ತಿಗೆ, ಅಲ್ಲೇ ಇದೆ,” ಎಂದಳು ನಾದಿನಿ. “ಮಗು ಮಣ್ಣು ನುಂಗಿದ್ರೆ ಅದರಲ್ಲಿ ಎಷ್ಟು ಮೈಗೆ ಹತ್ತುತ್ತೆ ಅನ್ನೋದನ್ನ ನೋಡ್ಬೇಕು.”

ಹೊಟ್ಟೆಯಲ್ಲಿರುವಷ್ಟೇ ಹುಳಿಯ ನೀರನ್ನು ಬಾಟಲಿಗೆ ತುಂಬಿ, ನಮ್ಮ ಬಯಲಿನ ಮಣ್ಣು ಹಾಕಿ, ಮೈ ಬಿಸಿಯಷ್ಟೇ ಬಿಸಿಯಲ್ಲಿಟ್ಟು ಕುಲುಕಿಸಿ, ಕರಗಿದ ಸೀಸವನ್ನು ಅಳೆದಳು. ತೀರಾ ಕಡಿಮೆ ಬಂತು. ಬೀಗ ತೆಗೆಯಬಹುದು ಎಂದಳು. ನಾನು ಅವತ್ತೇ ಬೀದಿಗೆಲ್ಲ ಸಾರಿದೆ.

ಮಾರನೆಯ ದಿನ ಮಗುವನ್ನೆತ್ತಿಕೊಂಡು ಹೊರಟಿದ್ದೇನೆ, ಇವಳು ಏದುಸಿರು ಬಿಡುತ್ತಾ ಬಂದು ಗೇಟಿಗೆ ಅಡ್ಡ ನಿಂತಳು.

“ಬಿಡಬೇಡಿ ಅತ್ತಿಗೆ. ನಾನು ಹೇಳಿದ್ದು ತಪ್ಪು.”

ಬಾಟಲಿ ತೊಳೆಯುವ ಮುಂಚೆ ಯಾಕೋ ಅನುಮಾನ ಬಂದು ಆ ನೀರಿನ ಹುಳಿ ನೋಡಿದಳಂತೆ. ಹುಳಿಯೇ ಇರಲಿಲ್ಲ. ಮಣ್ಣಿನಲ್ಲಿದ್ದ ಸುಣ್ಣ ಅಷ್ಟನ್ನೂ ತಿಂದುಹಾಕಿತ್ತು. ಹುಳಿಯೇ ಇಲ್ಲದ ಮೇಲೆ ಸೀಸ ಕರಗುವುದೆಲ್ಲಿಂದ?

“ಮಗು ಹೊಟ್ಟೇಲಿ ಹುಳಿ ಮತ್ತೆ ಮತ್ತೆ ಊರುತ್ತೆ, ಬಾಟಲೀಲಿ ಊರಲ್ಲ. ನಡುನಡುವೆ ನಾನೇ ನೋಡಿ ಸೇರಿಸ್ಬೇಕಿತ್ತು, ಸೇರಿಸ್ಲಿಲ್ಲ. ಈಗ ಸೇರಿಸಿ ನೋಡಿದೆ. ಸೀಸ ಜಾಸ್ತಿನೇ ಕರಗ್ತಿದೆ.”

ನನಗೆ ಮೈಯೆಲ್ಲ ಉರಿಯಿತು. “ಮಗು ಜೀವ ಅಂದ್ರೆ ನಿಂಗೆ ಆಟವೇನೇ? ಬೀದಿಯವರಿಗೆ ನಾನು ಹೇಗೆ ಮುಖ ತೋರಿಸ್ಲಿ?”

“ನಾನೇ ತೋರಿಸ್ತೀನಿ,” ಎಂದವಳೇ ಮನೆಮನೆಗೂ ಹೋಗಿ ತಪ್ಪು ತನ್ನದೆಂದು ಹೇಳಿ ಬಂದಳು. ಎದುರು ಮನೆಯ ಟೈಲರ್ ಬಿಡುತ್ತಾನೆಯೇ? “ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಕಣಮ್ಮ,” ಎಂದು ಚುಚ್ಚಿದ. ಕೇಳಿಸಿಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿದಳು. ಬಾಯಿ ಮುಚ್ಚಿಕೊಂಡಿದ್ದರೆ ಯಾವ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಅಬ್ಬಾ, ಅಂಥ ಎದೆಗಾರಿಕೆ ನನಗಂತೂ ಇಲ್ಲ.

ಶುದ್ಧಿಯವರ ಬೆನ್ನು ಬಿದ್ದು ಮತ್ತೆ ಕರೆಸಿದಳು. ಈ ಸಲ ಸೀಸವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವ ರಂಜಕದ ಗೊಬ್ಬರ ಬೆರೆಸಿದರು. ಮಳೆಗಾಲ ಕಳೆಯುವ ತನಕ ನಮ್ಮನ್ನು ಕಾಯಿಸಿದಳು. ಆಮೇಲೆ ಹುಳಿ ನೋಡುತ್ತಾ, ಸೇರಿಸುತ್ತಾ, ಹೊಸದಾಗಿ ಅಳೆದಳು.

ಫಲಿತಾಂಶ ಹೇಳಲು ಬಂದಾಗ ಬೀದಿಯವರೆಲ್ಲ ಗೇಟಿನ ಹತ್ತಿರ ಸೇರಿದ್ದರು. “ಈ ಸಲ ನಿಜವಾಗ್ಲೂ ಕಮ್ಮಿ ಇದೆ. ಮಕ್ಕಳನ್ನ ಬಿಡಬಹುದು, ಆಡಿ ಬಂದ ಮೇಲೆ ಕೈ ತೊಳೆಸಿ,” ಎಂದಳು. ಯಾರೂ ಮಿಸುಕಲಿಲ್ಲ.

“ನಾಳೆ ಬಂದು ಮತ್ತೆ ತಪ್ಪಾಯ್ತು ಅಂತೀಯೇನೋ,” ಎಂದ ಟೈಲರ್.

“ತಪ್ಪಾಗಿದ್ರೆ ಬಂದು ಹೇಳ್ತೀನಿ,” ಎಂದಳು.

ನನಗೆ ಅಷ್ಟು ಸಾಕಾಯಿತು. ಸೊಂಟದ ಮೇಲಿದ್ದ ಮಗುವನ್ನು ಮಣ್ಣಿಗೆ ಇಳಿಸಿದೆ.