ಕಾರಿನ ಜಾಗದ ತೊಟ್ಟಿ

ಮದುವೆ ಊಟದ ಪಂಕ್ತಿಯಲ್ಲಿ ಯಾರಾದರೂ ನನ್ನ ಕೆಲಸ ಕೇಳಿದರೆ ನೀರಿನ ಇಂಜಿನಿಯರ್ ಅನ್ನುತ್ತೇನೆ. ಯಾವ ನೀರು ಅಂತ ಹೇಳುವುದು ಕೈ ತೊಳೆದ ಮೇಲೆ. ಕಕ್ಕಸು, ಬಚ್ಚಲಿನ ನೀರನ್ನು ಶುದ್ಧ ಮಾಡುವ ಪುಟ್ಟ ಘಟಕಗಳ ಡಿಸೈನ್ ಮಾಡುವುದು ನನ್ನ ಹೊಟ್ಟೆಪಾಡು. ಎಷ್ಟು ಕಡಿಮೆ ಜಾಗದಲ್ಲಿ ಕೂರಿಸುತ್ತೇನೆ ಅನ್ನುವುದೇ ನನ್ನ ಜಂಬ.

ತೆಲುಗು ಸೀಮೆಯ ಮಾದಾಪುರದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿಗೆ ಹೊಸ ಘಟಕ ಬೇಕಾದಾಗ ಸಂಘದ ಕಾರ್ಯದರ್ಶಿ ನನ್ನ ಹೆಂಡತಿ. ಡಿಸೈನ್ ನಮ್ಮ ಮನೆಯವರೇ ಮಾಡಿಕೊಡುತ್ತಾರೆ ಎಂದು ಸಭೆಯಲ್ಲಿ ಮಾತು ಕೊಟ್ಟು ಬಂದಳು. ನೆಲಮಾಳಿಗೆಯಲ್ಲಿ ಟೇಪು ಹಿಡಿದು ಅಳೆದೆ. ಕೊನೆಯ ತೊಟ್ಟಿ ನಮ್ಮ ಕಾರು ನಿಲ್ಲಿಸುವ ಜಾಗಕ್ಕೇ ಬರುತ್ತಿತ್ತು.

ಕೊಳಚೆಯ ಸಾರಜನಕ ಮೊದಲು ಗಾಳಿ ಊದುವ ತೊಟ್ಟಿಯಲ್ಲಿ ನೈಟ್ರೇಟ್ ಆಗಬೇಕು. ಆಮೇಲೆ ಗಾಳಿಯಿಲ್ಲದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಅನಿಲವಾಗಿಸಿ ಮೇಲಕ್ಕೆ ಹಾರಿಸಬೇಕು. ಅವಕ್ಕೆ ಹೊಟ್ಟೆಗೂ ಬೇಕು, ಪುರುಸೊತ್ತೂ ಬೇಕು; ಅಂದರೆ ನೀರು ತೊಟ್ಟಿಯಲ್ಲಿ ಸಾಕಷ್ಟು ಹೊತ್ತು ನಿಲ್ಲಬೇಕು. ನಾನು ಆ ಪುರುಸೊತ್ತಿಗೇ ಕತ್ತರಿ ಹಾಕಿದೆ. ತೊಟ್ಟಿ ಕುಗ್ಗಿತು, ಕಾರು ನೆರಳಲ್ಲಿ ಉಳಿಯಿತು. ಏನು ಮಾಡಲಿ, ಹೊಸ ಕಾರು.

ನೀರು ಪರೀಕ್ಷೆಯಲ್ಲಿ ಫೇಲಾಯಿತು. ಬ್ಯಾಕ್ಟೀರಿಯಾ ಉಪವಾಸ ಬಿದ್ದಿವೆ ಎಂದು ಬೆಲ್ಲ ಕರಗಿಸಿ ಸುರಿದೆ. ಹೋಳಿಗೆಗೆಂದು ಹೆಂಡತಿ ಮುಧೋಳದಿಂದ ತರಿಸಿಟ್ಟಿದ್ದ ಬೆಲ್ಲ ಅದು. ಮತ್ತೂ ಫೇಲು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ನಾನು ಸಭೆಯಲ್ಲಿ ಚಳಿಯನ್ನು ಬೈದೆ, ಬಚ್ಚಲಿಗೆ ಫಿನಾಯಿಲ್ ಸುರಿಯುವವರನ್ನು ಬೈದೆ. ಜನ ನನ್ನನ್ನು ಬಿಟ್ಟು ಹೆಂಡತಿಯನ್ನು ಹಿಡಿದರು. ಇನ್ನೊಮ್ಮೆ ಫೇಲಾದರೆ ಘಟಕವನ್ನೂ ಕೀಳಿಸುತ್ತೇವೆ, ನೀವೂ ರಾಜೀನಾಮೆ ಕೊಡಬೇಕು ಎಂದರು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಆದರೂ ನಾನು ಬಾಯಿ ಬಿಡಲಿಲ್ಲ.

ಅವಳು ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದಳು. ಆ ಕೋಣೆಯಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ.

“ತೊಟ್ಟಿ ಸಣ್ಣದ ಮಾಡಿದ್ದು ಕಾರಿನ ಸಲುವಾಗಿ, ಹೌದಲ್ರಿ?”

ತಲೆ ತಗ್ಗಿಸಿಯೇ ಹೂಂಗುಟ್ಟಿದೆ.

ಅವಳು ಸಭೆಯ ಕಡೆ ತಿರುಗಿ ತೆಲುಗಿನಲ್ಲಿ ಹೇಳಿದಳು: ತೊಟ್ಟಿ ದೊಡ್ಡದು ಮಾಡಿದರೆ ಸರಿಹೋಗುತ್ತದಂತೆ, ಅದಕ್ಕೆ ನಮ್ಮ ಕಾರಿನ ಜಾಗವನ್ನೇ ಬಿಟ್ಟುಕೊಡುತ್ತೇನೆ ಅನ್ನುತ್ತಿದ್ದಾರೆ ನಮ್ಮ ಮನೆಯವರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಗಿಂತ ಬೈಗುಳವೇ ಹಿತವಾಗಿತ್ತು.

ತೊಟ್ಟಿ ದೊಡ್ಡದಾಯಿತು, ನೀರು ಪಾಸಾಯಿತು. ನನ್ನ ತ್ಯಾಗ ಮೆಚ್ಚಿ ಸಂಘದವರು ಶಾಲು ಹೊದಿಸಿದರು. ನಾನು ಗೋಣು ಬಗ್ಗಿಸಿ ನಿಂತಿದ್ದನ್ನು ವಿನಯ ಅಂದುಕೊಂಡಿರಬೇಕು. ಪಕ್ಕದಲ್ಲಿದ್ದ ಹೆಂಡತಿ ಫೋಟೋಕ್ಕೆ ನಗುತ್ತಲೇ ಮೆಲ್ಲಗೆ ಅಂದಳು:

“ಆ ಶಾಲು ಒಯ್ದು ಕಾರಿಗೆ ಹೊದಿಸ್ರಿ. ಪಾಪ, ರಸ್ತೆದಾಗ ಬಿಸಿಲಿಗೆ ನಿಂತೈತಿ.”